ಆಟಿ ಸೊಪ್ಪಿನ ಬಣ್ಣ

ಮೈಸೂರು
20 ಜುಲೈ 2025, ಭಾನುವಾರ

ಪ್ರೀತಿಯ ಅಮ್ಮ,

ಐದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲೇ ಬೆಳೆದವಳಿಗೆ ಇನ್ನೊಂದು ಹಾಸ್ಟೆಲ್ ಏನು ಮಹಾ ಅಂತ ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ಹೇಳಿದರಲ್ಲ, ಅದು ಸುಳ್ಳು. ಕಬ್ಬಿಣದ ಮಂಚ, ಸಾರಿನ ವಾಸನೆ, ಬೆಲ್ಲು ಎಲ್ಲ ಅದೇ. ಕ್ಲಾಸು ಮಾತ್ರ ಹೊಸದು. ಕೆಮಿಸ್ಟ್ರಿ ಮೇಡಂ ಅಟೆಂಡೆನ್ಸ್ ಕರೆಯುತ್ತಾ ‘ಮೋನಿಷಾ’ ಅನ್ನುವ ಹೊತ್ತಿಗೆ ನನ್ನ ‘ಪ್ರೆಸೆಂಟ್’ ಹೊರಗೇ ಬರುವುದಿಲ್ಲ. ಬಿ.ಎಸ್ಸಿ. ಮೂರು ವರ್ಷ ಹೀಗೇ ಹೋದರೆ ನಾನು ಕ್ಲಾಸಿನಲ್ಲಿ ಇದ್ದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಮೊದಲ ವರ್ಷದವರ ಫೋನೆಲ್ಲ ವಾರ್ಡನ್ ಸಿಸ್ಟರ್ ಕಪಾಟಿನಲ್ಲಿ. ಭಾನುವಾರ ಒಂದು ಗಂಟೆ ಕೈಗೆ ಕೊಡುತ್ತಾರೆ. ಆ ಒಂದು ಗಂಟೆಯಲ್ಲೂ ನೀನು ಸ್ಪೀಕರ್ ಹಾಕುತ್ತೀಯ. ಅಜ್ಜಿ ಊಟ ಆಯ್ತಾ ಕೇಳುತ್ತಾರೆ, ಅಪ್ಪ ಓದಿದ್ಯಾ ಕೇಳುತ್ತಾರೆ, ನಾನು ಕೇಳಬೇಕಾದದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಹಳೇ ಅಭ್ಯಾಸದಂತೆ ಕಾಗದ. ಸ್ವಂತ ಮಗಳೇ ಬರೆಯದಿದ್ದರೆ ನಿನ್ನ ಪೋಸ್ಟ್ ಆಫೀಸಿಗೆ ಇನ್ಯಾರು ಕಾಗದ ಬರೆಯುತ್ತಾರೆ ಹೇಳು?

ಮಾತ್ರೆ ತೆಗೆದುಕೊಳ್ಳುತ್ತಿದ್ದೀಯ ತಾನೆ? ಎದೆಯ ಆಪರೇಷನ್ ಆಗಿ, ಕೀಮೋ ಮುಗಿದು ಎರಡು ವರ್ಷವಾದರೂ ಟ್ಯಾಮೋಕ್ಸಿಫೆನ್ ಅನ್ನುವ ಹೆಸರು ಕೇಳಿದರೆ ನಾನು ಓದುತ್ತಿದ್ದದ್ದನ್ನು ಮುಚ್ಚಿಡುತ್ತೇನೆ. ಇನ್ನೂ ಮೂರು ವರ್ಷ ಅದನ್ನು ನುಂಗಬೇಕು ಅಂದರೆ ನಾನು ಡಿಗ್ರಿ ಮುಗಿಸುವಷ್ಟು ಕಾಲ. ಮೈ ಬಿಸಿಯಾಗುವುದು ಕಡಿಮೆಯಾಯಿತಾ? ಕಾಲು ಸೆಳೆತ? ದಯವಿಟ್ಟು ‘ಎಲ್ಲ ಸರಿ’ ಅಂತ ಎರಡೇ ಪದ ಬರೆಯಬೇಡ.

ನಿನ್ನ
ಮೋನಿ

*

ಚೇರಂಬಾಣೆ
25 ಜುಲೈ 2025

ಮೋನಿ,

ನಿನ್ನ ಕಾಗದವನ್ನು ನಾನೇ ಚೀಲದಿಂದ ತೆಗೆದು, ನಾನೇ ಸೀಲು ಒತ್ತಿ, ನಾನೇ ಇಟ್ಟುಕೊಂಡೆ. ನಮ್ಮ ಪೋಸ್ಟ್‌ಮ್ಯಾನ್ ಉತ್ತಯ್ಯನಿಗೆ ಸಿಟ್ಟು. “ಯಮುನಕ್ಕ, ಡೆಲಿವರಿ ನನ್ನ ಡ್ಯೂಟಿ. ಕೊಡಿ ಇಲ್ಲಿ, ಮನೆ ಬಾಗಿಲಿಗೆ ತಂದು ಕೊಡ್ತೇನೆ” ಅಂದ. ಕೊಟ್ಟಿದ್ದರೆ ಭಾಗಮಂಡಲದವರೆಗೂ ಓದಿ ಹೇಳಿಯೇ ತರುತ್ತಿದ್ದ.

ಎರಡು ಪದ ಬೇಡ ಅಂದೆ, ಸರಿ, ಜಾಸ್ತಿಯೇ ಬರೆಯುತ್ತೇನೆ. ಆಟಿ ತಿಂಗಳು, ಮಳೆಯ ಚಳಿ. ಪೆನ್ಷನ್‌ಗೆ ಬಂದವರೆಲ್ಲ ಸ್ವೆಟರಿನ ಮೇಲೆ ಶಾಲು ಹೊದ್ದು ಬರುತ್ತಾರೆ. ನಾನೊಬ್ಬಳು ಕಿಟಕಿ ತೆರೆದಿಟ್ಟು, ಯಾರದೋ ಪಾಸ್‌ಬುಕ್ಕಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ ಕೂತಿರುತ್ತೇನೆ. ಎದೆಯಿಂದ ಹೊರಟ ಬಿಸಿ ಕುತ್ತಿಗೆ, ಕಿವಿ ದಾಟಿ ನೆತ್ತಿಗೆ ಹೋಗುತ್ತದೆ. ಆಮೇಲೆ ಬೆವರು, ಬೆವರು ಆರಿದ ಮೇಲೆ ನಡುಕ. ಮೊನ್ನೆ ದೇರಪ್ಪಜ್ಜ ಕೌಂಟರಿನ ಕಂಡಿಯಲ್ಲಿ ಮುಖ ಇಟ್ಟು ನೋಡಿ, “ಎಂತ ಯಮುನ, ಗವರ್ಮೆಂಟು ನಿನಗೊಬ್ಬಳಿಗೇ ಬೇಸಿಗೆ ಸ್ಯಾಂಕ್ಷನ್ ಮಾಡಿದೆಯಾ?” ಅಂದರು. ಹೌದಜ್ಜ, ಐದು ವರ್ಷಕ್ಕೆ ಮಾಡಿದೆ ಅಂದೆ.

ಕಾಲಿನ ಸೆಳೆತ ಇದೆ. ಅಪ್ಪ ಬಿಸಿನೀರಿನ ಬಾಟಲಿ ತಂದಿಟ್ಟಿದ್ದಾರೆ. ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ, ಅದು ಮಾತ್ರೆಯದೋ ನನ್ನದೋ ಗೊತ್ತಾಗುವುದಿಲ್ಲ. ಅಜ್ಜಿಯ ಪ್ರಕಾರ ನನ್ನದೇ.

ಇಷ್ಟು ಬರೆದೆ ಅಂತ ಹೆದರಿ ಬಸ್ ಹತ್ತಬೇಡ ಮಾರಾಯ್ತಿ. ಫಿಸಿಕ್ಸ್ ಪರೀಕ್ಷೆಯ ದಿನ ಮಾಡಿದ್ದು ಒಂದು ಸಲಕ್ಕೆ ಸಾಕು.

ಅಮ್ಮ

*

ಮೈಸೂರು
30 ಜುಲೈ 2025

ಪ್ರೀತಿಯ ಅಮ್ಮ,

ಆ ಫಿಸಿಕ್ಸ್ ಪರೀಕ್ಷೆಯ ಸುದ್ದಿ ಇನ್ನೆಷ್ಟು ವರ್ಷ ನಡೆಯುತ್ತದೆ? “ಅಮ್ಮನಿಗೆ ಇವತ್ತು ಸ್ಕ್ಯಾನ್” ಅಂತ ಅಪ್ಪ ಬೆಳಿಗ್ಗೆ ಫೋನಿನಲ್ಲಿ ಹೇಳಿದರು, ನಾನು ಪೇಪರ್ ಬಿಟ್ಟು ಮನೆಗೆ ಓಡಿ ಬಂದೆ, ಅದು ಮಾಮೂಲಿ ಸ್ಕ್ಯಾನ್ ಆಗಿತ್ತು. ನೀನು ಹೊಸ್ತಿಲಲ್ಲೇ ನಿಂತು ಹಣೆ ಚಚ್ಚಿಕೊಂಡೆ. ಎರಡನೇ ಸಲ ಪರೀಕ್ಷೆ ಬರೆದು ಪಾಸಾದೆನಲ್ಲ? ಆದರೂ ಅವತ್ತಿನಿಂದ ಮನೆಯಲ್ಲಿ ನಾನು ಬಂದ ಕೂಡಲೇ ಮಾತು ಬದಲಾಗುತ್ತದೆ. ನೀನು, ಅಪ್ಪ, ಅಜ್ಜಿ ಮೂವರೂ ಒಟ್ಟಿಗೆ ಕಾಫಿ ರೇಟಿನ ಬಗ್ಗೆ ಮಾತಾಡಲು ಶುರು ಮಾಡುತ್ತೀರಿ. ಅಜ್ಜಿಗೆ ಕಾಫಿ ರೇಟು ಯಾಕೆ ಅಮ್ಮ?

ಏನೂ ಹೇಳದಿದ್ದರೆ ನನ್ನ ತಲೆ ಸುಮ್ಮನಿರುವುದಿಲ್ಲ. ಇಲ್ಲದ್ದನ್ನೆಲ್ಲ ಅದೇ ಕಟ್ಟಿಕೊಳ್ಳುತ್ತದೆ. ಹೇಳಿದರೆ ಅಷ್ಟಾದರೂ ಒಂದು ಗಡಿ ಇರುತ್ತದೆ.

ನನ್ನ ರೂಮ್‌ಮೇಟ್ ಹೆಸರು ಹರ್ಷಿತಾ. ಶಿರಂಗಾಲದವಳು, ಮನೆಯಲ್ಲಿ ಹೊಗೆಸೊಪ್ಪು, ಜೋಳ ಬೆಳೆಯುತ್ತಾರೆ. ಅದೂ ಕೊಡಗೇ, ಇದೂ ಕೊಡಗೇ, ಆದರೆ ನಾವು ಆಟಿ ಅನ್ನುವುದು, ಅದನ್ನೇ ಕೊಡವರು ಕಕ್ಕಡ ಅನ್ನುವುದು ಯಾವುದೂ ಅವಳಿಗೆ ಗೊತ್ತಿಲ್ಲ. “ಅಲ್ಲ ಕಣೇ, ನಿಮ್ ಕಡೆಯವ್ರು ತಿಂಗ್ಳಿಗೊಂದ್ ಹಬ್ಬ ಮಾಡ್ತೀರಾ, ಇಲ್ಲ ಹೊಟ್ಟೆ ಹಸಿದಾಗೆಲ್ಲ ಒಂದ್ ಹಬ್ಬ ಮಾಡ್ತೀರಾ?” ಅಂತ ಕೇಳಿದಳು. ಆಟಿ ಹದಿನೆಂಟರ ಸೊಪ್ಪಿನ ಹಬ್ಬಕ್ಕೆ ನನಗೆ ರಜೆ ಇಲ್ಲ. ನನ್ನ ಪಾಲಿನ ಪಾಯಸ ನೀನೇ ಕುಡಿ.

ಮೋನಿ

*

ಚೇರಂಬಾಣೆ
5 ಆಗಸ್ಟ್ 2025

ಮೋನಿ,

ನಿನ್ನ ಪಾಲಿನದ್ದೂ ಕುಡಿದೆ. ಅಜ್ಜಿ ಬೆಳಿಗ್ಗೆಯೇ ತೋಡಿನ ಬದಿಗೆ ಹೋಗಿ ಆಟಿ ಸೊಪ್ಪು ಕೊಯ್ದು ತಂದರು. ಬೇಯಿಸಿದ ನೀರು ಶಾಯಿಯ ಹಾಗೆ ನೇರಳೆ. ಅದಕ್ಕೆ ಅಕ್ಕಿ, ಬೆಲ್ಲ, ತೆಂಗಿನ ಹಾಲು. ಆ ಒಂದು ದಿನ ಸೊಪ್ಪಿಗೆ ಹದಿನೆಂಟು ಮದ್ದು ಬಂದು ಸೇರುತ್ತವೆ ಅಂತ ಅಜ್ಜಿ ಪ್ರತಿ ವರ್ಷ ಹೇಳುವುದನ್ನು ಈ ವರ್ಷವೂ ಹೇಳಿದರು. ಕೀಮೋ, ರೇಡಿಯೇಷನ್ ಅಂತ ಎರಡು ವರ್ಷ ನನಗೆ ಕೊಟ್ಟಿರಲಿಲ್ಲ. ಈ ಸಲ ಎರಡು ಬಟ್ಟಲು. ಬಡಿಸುವಾಗ ಸೌಟು ಜಾರಿ ಅಜ್ಜಿ ತಮ್ಮ ಬಿಳಿ ಸೀರೆಗೇ ಚೆಲ್ಲಿಕೊಂಡರು. ಅಪ್ಪ ನಕ್ಕು ಬೈಸಿಕೊಂಡರು.

ಕುಡಿದ ಮೇಲಿನ ತಮಾಷೆ ನಿನಗೆ ಗೊತ್ತಲ್ಲ. ಬಚ್ಚಲಿಗೆ ಹೋದವರದ್ದೆಲ್ಲ ಕೆಂಪು ನೀರು. ಉತ್ತಯ್ಯ ಆಫೀಸಿಗೆ ಬಂದವನೇ “ನಮ್ಮ ಮನೆಯಲ್ಲಿ ಎಲ್ಲರಿಗೂ ಮದ್ದು ಹತ್ತಿತು ಯಮುನಕ್ಕ” ಅಂತ ವರದಿ ಒಪ್ಪಿಸಿದ. ಈ ಊರಿನಲ್ಲಿ ಆ ಒಂದು ದಿನ ಯಾರೂ ಯಾರಿಗೂ ನಾಚುವುದಿಲ್ಲ.

ಅಜ್ಜಿಗೆ ಮೊಣಕಾಲು ನೋವು, ಹಾಗಾಗಿ ಹಿರಿಯರ ದೀಪ ಈಗ ತಿಂಗಳೆಲ್ಲ ನಾನೇ ಹಚ್ಚುವುದು. ಮುಟ್ಟು ನಿಂತ ಮೇಲೆ ಆ ಕೆಲಸಕ್ಕೆ ರಜೆಯೇ ಇಲ್ಲ. ಈ ಕಾಯಿಲೆ ನನಗೆ ಕೊಟ್ಟ ಒಂದೇ ಪ್ರಮೋಷನ್ ಇದು ನೋಡು. ದೀಪ ಹಚ್ಚಿ ನಿಂತಾಗ ಆ ಹೊತ್ತಿಗೆ ಮೈ ಬಿಸಿಯೂ ಸುಮ್ಮನಿರುತ್ತದೆ.

ಅಮ್ಮ

*

ಚೇರಂಬಾಣೆ
14 ಆಗಸ್ಟ್ 2025

ಮೋನಿ,

ನಿನ್ನಿಂದ ಕಾಗದ ಇಲ್ಲ. ಟೆಸ್ಟ್ ಇರಬೇಕು.

ಇಲ್ಲಿ ವಿಶೇಷ ಇಲ್ಲ. ಆಫೀಸಿನ ಮೆಷಿನ್ ಕೆಟ್ಟು ಎರಡು ದಿನ ಜನರಿಂದ ಬೈಗುಳ ತಿಂದೆ. ಅಪ್ಪ ಮೆಣಸಿನ ಬಳ್ಳಿಗೆ ಔಷಧಿ ಹೊಡೆಸಲು ಬಿಸಿಲು ಕಾಯುತ್ತಿದ್ದಾರೆ. ಈ ವರ್ಷದ ಆಟಿ ಸೊಪ್ಪು ಬಲು ಗಟ್ಟಿ, ನನಗಿನ್ನೂ ಆ ಕೆಂಪು ಬಣ್ಣ ಹೋಗುವುದು ನಿಂತಿಲ್ಲ. ಅಜ್ಜಿ “ಅಷ್ಟು ಮದ್ದ್ ಕುಡ್ದ ಮೈ ಅಲ್ವಾ, ಮೆಲ್ಲ ಬಿಡ್ತುಟ್ಟು. ಹೆದ್ರಿಕೆ ಎಂತದೂ ಇಲ್ಲೆ” ಅಂದರು. ಒಳಗಿರುವ ಕಸವೆಲ್ಲ ಹೋಗಲಿ ಬಿಡು.

ಸೆಪ್ಟೆಂಬರ್ ಮೂರಕ್ಕೆ ಕೈಲ್ ಮುಹೂರ್ತ. ಅಷ್ಟರೊಳಗೆ ಅಟ್ಟ ಗುಡಿಸಬೇಕು, ಕೋವಿ ಪೂಜೆಗೆ ಇಡುವ ಜಾಗ ಸಾರಿಸಬೇಕು, ಎಲ್ಲ ನನ್ನ ತಲೆಯ ಮೇಲೆಯೇ. ಸ್ವಲ್ಪ ಸುಸ್ತು ಇದೆ.

ಅಮ್ಮ

*

ಮೈಸೂರು
17 ಆಗಸ್ಟ್ 2025, ಭಾನುವಾರ

ಪ್ರೀತಿಯ ಅಮ್ಮ,

ಟೆಸ್ಟೇ. ಪ್ರಾಕ್ಟಿಕಲ್ಸ್‌ನಲ್ಲಿ ಬ್ಯುರೆಟ್ ಹಿಡಿದ ಕೈ ನಡುಗಿ ದ್ರಾವಣ ನೀಲಿಯಿಂದ ಬಿಳಿಯಾಗುವ ಬದಲು ಮೇಜಿನ ಮೇಲೆ ಹೋಯಿತು. ಮೇಡಂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ಏನೂ ಅನ್ನದವರ ಮುಖದಲ್ಲಿ ನಾನು ಇಡೀ ದಿನ ಅರ್ಥ ಹುಡುಕುತ್ತೇನೆ.

ನಿನ್ನ ಕಾಗದ ಸಣ್ಣದಾಗಿದೆ. ನನ್ನ ಮೇಲೆ ಸಿಟ್ಟಾ? ಬರೆಯುವುದು ತಡ ಮಾಡಿದೆ ಅಂತಲಾ? ಅಜ್ಜಿಗೆ ಯಾರಾದರೂ ಕೆಲಸದವರನ್ನು ಕರೆಸಿಕೊಳ್ಳಲು ಹೇಳು, ನೀನೇ ಅಟ್ಟ ಹತ್ತಬೇಡ. ಎಡಗೈ ಮೇಲೆತ್ತಿದರೆ ಬಾವು ಬರುತ್ತದೆ ಅಂತ ಫಿಸಿಯೋ ಹೇಳಿದ್ದು ನೆನಪಿರಲಿ.

ಇವತ್ತು ಫೋನಿನಲ್ಲಿ ನಿನ್ನ ದನಿ ಚೆನ್ನಾಗಿತ್ತು. ಅಷ್ಟರಿಂದಲೇ ಈ ವಾರ ಓದಲು ಆಗುತ್ತದೆ.

ಮೋನಿ

*

ಮೈಸೂರು
19 ಆಗಸ್ಟ್ 2025

ಅಮ್ಮ,

ಇವತ್ತು ಊಟಕ್ಕೆ ಬೀಟ್‌ರೂಟ್ ಪಲ್ಯ ಇತ್ತು. ತಟ್ಟೆಯ ಬಣ್ಣ ನೋಡಿ ನಾನು ಹರ್ಷಿತಾಗೆ ಆಟಿ ಸೊಪ್ಪಿನ ಕಥೆ ಹೇಳಿದೆ. ಹದಿನೆಂಟು ಮದ್ದು, ಕೆಂಪು ನೀರು, ಉತ್ತಯ್ಯ ಮಾವನ ವರದಿ, ಎಲ್ಲ. ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ “ಥೂ, ಅದೆಷ್ಟ್ ದಿನ ಇರುತ್ತೇ ಹಂಗೆ?” ಅಂದಳು.

“ಒಂದೇ ದಿನ. ಹೆಚ್ಚೆಂದರೆ ಮರುದಿನ ಮಧ್ಯಾಹ್ನ” ಅಂದೆ. ಹೇಳಿ ಮುಗಿಸಿದ ಮೇಲೆ ನನ್ನ ಕಿವಿಗೇ ಅದು ಕೇಳಿಸಿತು.

ಚಿಕ್ಕಂದಿನಿಂದ ನಾನೂ ಕುಡಿದಿದ್ದೇನೆ. ಯಾವ ವರ್ಷವೂ, ಯಾರಿಗೂ, ಅದು ಮೂರನೇ ದಿನ ಇದ್ದದ್ದಿಲ್ಲ. ನೀನು ಹದಿನಾಲ್ಕನೇ ತಾರೀಕಿಗೆ ಇನ್ನೂ ಬಣ್ಣ ನಿಂತಿಲ್ಲ ಅಂತ ಬರೆದಿದ್ದೀಯ. ನಾನು ಅದನ್ನು ಓದಿ ಬ್ಯುರೆಟ್ ಬಗ್ಗೆ ಬರೆದೆ.

ಸಿಸ್ಟರ್ ಹತ್ತಿರ ಕೇಳಿಕೊಂಡು ಆಫೀಸ್ ಫೋನಿನಿಂದ ಮನೆಗೆ ಮಾಡಿದೆ. ನೀನು ಎತ್ತಿದೆ, ಹಿಂದೆ ಅಜ್ಜಿಯ ದನಿ ಕೇಳಿತು, ನಾನು ಕೇಳಿದ ಕೂಡಲೇ “ಎಂತದೂ ಇಲ್ಲೆ, ಸೊಪ್ಪಿಂದು” ಅಂತ ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಬಣ್ಣ ಬರುತ್ತಿರುವುದು ಮೂತ್ರದಲ್ಲಾ, ಬಟ್ಟೆಯ ಮೇಲಾ?

ಮಾತ್ರೆ ಶುರು ಮಾಡಿದ ದಿನ ಡಾಕ್ಟರ್ ಹೇಳಿದ್ದು ನನಗೆ ನೆನಪಿದೆ. ನಾನು ಆ ಮೂಲೆಯ ಸ್ಟೂಲಿನ ಮೇಲಿದ್ದೆ. ಈ ಮಾತ್ರೆ ಎದೆಯನ್ನು ಕಾಯುತ್ತದೆ, ಗರ್ಭಕೋಶಕ್ಕೆ ಕೆಲವರಿಗೆ ತೊಂದರೆ ಕೊಡುತ್ತದೆ, ಮುಟ್ಟು ನಿಂತವರಿಗೆ ಒಂದು ಹನಿ ರಕ್ತ ಕಂಡರೂ ತಡ ಮಾಡದೆ ಬನ್ನಿ ಅಂದರು. ನೀನು ತಲೆಯಾಡಿಸಿದೆ.

ಮೋನಿ

*

ಚೇರಂಬಾಣೆ
22 ಆಗಸ್ಟ್ 2025

ಮೋನಿಷಾ,

ನಿನ್ನನ್ನು ಮೈಸೂರಿಗೆ ಕಳಿಸಿದ್ದು ಓದಲು. ನನ್ನ ಬಟ್ಟೆ ಲೆಕ್ಕ ಹಾಕಲು ಅಲ್ಲ. ಅಮ್ಮನ ಹತ್ತಿರ ಕೇಳುವ ಮಾತಾ ಇದು? ನಾನು ಐವತ್ತೆರಡು ವರ್ಷ ಈ ಮೈಯಲ್ಲಿ ಇದ್ದೇನೆ. ಯಾವುದು ಸೊಪ್ಪಿನದು ಯಾವುದು ಅಲ್ಲ ಅಂತ ನನಗೆ ಗೊತ್ತಾಗುವುದಿಲ್ಲವಾ? ಆ ಶಿರಂಗಾಲದ ಹುಡುಗಿಗೆ ಗೊತ್ತಾಗುತ್ತದಾ?

ತಮಾಷೆಗೆ ಒಂದು ಸಾಲು ಬರೆದದ್ದೇ ತಪ್ಪಾಯಿತು. ಇದಕ್ಕೇ ನಿನಗೆ ಏನೂ ಹೇಳುವುದಿಲ್ಲ ನಾವು. ಹೇಳಿದರೆ ನೀನು ನಿಲ್ಲುವುದಿಲ್ಲ, ನಿನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಕೆಲಸ. ಈಗ ನನಗೆ ಅಷ್ಟು ಶಕ್ತಿ ಇಲ್ಲ.

ಇನ್ನು ಹನ್ನೆರಡು ದಿನಕ್ಕೆ ಕೈಲ್ ಮುಹೂರ್ತ. ಕೋವಿ, ಕತ್ತಿ ಇಟ್ಟು ದೀಪ ಹಚ್ಚಬೇಕು, ಹತ್ತು ಜನಕ್ಕೆ ಅಕ್ಕಿತರಿಯ ಕಡಂಬಿಟ್ಟು ಉಂಡೆ ಮಾಡಬೇಕು. ನಾನು ಮೂಲೆಯಲ್ಲಿ ಕೂತರೆ ಈ ಮನೆ ನಡೆಯುವುದಿಲ್ಲ.

ಓದು.

ಅಮ್ಮ

*

ಮೈಸೂರು
25 ಆಗಸ್ಟ್ 2025

ಅಮ್ಮ,

ನಿನ್ನ ಕಾಗದ ಓದಿ ಬ್ಯಾಗಿಗೆ ಬಟ್ಟೆ ತುಂಬಿದೆ. ಹರ್ಷಿತಾ ಮಂಚದ ಮೇಲೆ ಕೂತು ನೋಡುತ್ತಿದ್ದಳು. “ಹೋಗಿ ಏನ್ ಮಾಡ್ತೀಯ?” ಅಂದಳು. ಹೋದರೆ ನೀನು ಹೊಸ್ತಿಲಲ್ಲಿ ನಿಂತು ಹಣೆ ಚಚ್ಚಿಕೊಳ್ಳುತ್ತೀಯ, ಮಾತೆಲ್ಲ ನನ್ನ ಓಡಿ ಬರುವಿಕೆಯ ಬಗ್ಗೆ ಆಗುತ್ತದೆ, ನಿನ್ನ ಬಗ್ಗೆ ಆಗುವುದಿಲ್ಲ. ಬ್ಯಾಗು ಖಾಲಿ ಮಾಡಿ ಕೂತಿದ್ದೇನೆ.

ನನಗೆ ಹೆದರಿಕೆ ಇದೆ. ಇಲ್ಲ ಅಂತ ಬರೆದರೆ ಅಕ್ಷರ ನೋಡಿಯೇ ನಿನಗೆ ಗೊತ್ತಾಗುತ್ತದೆ. ಹೆದರಿಕೊಂಡೇ ಇಲ್ಲಿ ಕೂತು ಬರೆಯುತ್ತಿದ್ದೇನೆ, ಎದ್ದು ಓಡಿಲ್ಲ. ಇದನ್ನು ಗಮನಿಸು.

ನನ್ನ ಮಾತು ಬೇಡ, ಆ ಶಿರಂಗಾಲದ ಹುಡುಗಿಯ ಮಾತೂ ಬೇಡ. ಅಜ್ಜಿಯ ಬಿಳಿ ಸೀರೆಯನ್ನು ತೆಗೆದು ನೋಡು. ಆಟಿ ಸೊಪ್ಪಿನ ಕಲೆ ಎಷ್ಟು ಒಗೆದರೂ ನೇರಳೆಯೇ ಇರುತ್ತದೆ, ಒಣಗಿದರೂ ನೇರಳೆ. ನನ್ನ ಯೂನಿಫಾರ್ಮ್ ಶರ್ಟಿನ ಮೇಲೆ ಎರಡು ವರ್ಷ ಇತ್ತು, ನಿನಗೇ ಗೊತ್ತು. ಆಮೇಲೆ ನಿನ್ನ ಬಟ್ಟೆ ನೋಡು. ಎರಡನ್ನೂ ಬೆಳಕಿನಲ್ಲಿ ಪಕ್ಕ ಪಕ್ಕ ಇಟ್ಟು ನೋಡು. ರಕ್ತ ಒಣಗಿದರೆ ಯಾವ ಬಣ್ಣ ಅಂತ ನಾನು ಹೇಳಬೇಕಾಗಿಲ್ಲ.

ಎರಡೂ ಒಂದೇ ಬಣ್ಣವಾದರೆ ನಾನು ಕ್ಷಮೆ ಕೇಳಿ ಕಾಗದ ಬರೆಯುತ್ತೇನೆ, ಇನ್ನು ಇಡೀ ವರ್ಷ ಕೆಮಿಸ್ಟ್ರಿ ಬಿಟ್ಟು ಬೇರೆ ಏನೂ ಬರೆಯುವುದಿಲ್ಲ. ಇಲ್ಲವಾದರೆ ಅಪ್ಪನಿಗೆ ಹೇಳಿ ಮಂಗಳೂರಿನ ಆಸ್ಪತ್ರೆಗೆ ಹೋಗು. ಶನಿವಾರದೊಳಗೆ ಉತ್ತರ ಬರದಿದ್ದರೆ ಅಪ್ಪನ ಹೆಸರಿಗೆ ಇದನ್ನೇ ಪೋಸ್ಟ್‌ಕಾರ್ಡಿನಲ್ಲಿ ಬರೆಯುತ್ತೇನೆ. ಉತ್ತಯ್ಯ ಮಾವ ದಾರಿಯುದ್ದಕ್ಕೂ ಓದಿಕೊಂಡು ಬರಲಿ.

ಮೋನಿ

*

ಚೇರಂಬಾಣೆ
29 ಆಗಸ್ಟ್ 2025

ಮೋನಿ,

ನೋಡಿದೆ. ಅಜ್ಜಿಯ ಸೀರೆ ನೇರಳೆ. ನನ್ನದು ಕಂದು.

ಮೊದಲ ಎರಡು ದಿನ ಸೊಪ್ಪಿನದೇ ಇರಬೇಕು. ಯಾವಾಗ ಅದು ಬಿಟ್ಟು ಇದು ಶುರುವಾಯಿತೋ ನನಗೆ ತಿಳಿಯಲೇ ಇಲ್ಲ. ಇಲ್ಲ, ತಿಳಿದಿತ್ತು. ಬಟ್ಟೆ ಕಟ್ಟಿಕೊಂಡೇ ಆಫೀಸಿಗೆ ಹೋಗುತ್ತಿದ್ದೆ. ಸೊಪ್ಪಿನದು ಅಂದುಕೊಂಡರೆ ದೀಪ ಹಚ್ಚಬಹುದು. ಮುಟ್ಟು ಅಂದುಕೊಂಡರೆ ಹೊರಗಿರಬೇಕು. ಇನ್ನೊಂದು ಅಂದುಕೊಂಡರೆ ಮತ್ತೆ ಆ ಆಸ್ಪತ್ರೆಯ ಬೆಂಚು. ಮೂರರಲ್ಲಿ ಯಾವುದು ಬೇಕು ಅಂತ ಮನಸ್ಸು ತಾನೇ ಆರಿಸಿಕೊಂಡಿತು.

ಅಪ್ಪನಿಗೆ ಹೇಳಿದೆ. ಅವರು ಜೀಪಿಗೆ ಡೀಸೆಲ್ ಹಾಕಿಸಲು ಹೋದರು. ಸೋಮವಾರ ಮಂಗಳೂರು. ಅಜ್ಜಿಗೂ ಹೇಳಿದೆ. ಅವರು ಬಹಳ ಹೊತ್ತು ಸೀರೆಯ ಆ ಕಲೆಯನ್ನೇ ಉಜ್ಜುತ್ತಾ ಕೂತರು. ಆಮೇಲೆ “ನಂಗೆ ಹೇಳಿದ್ರೆ ದೀಪ ನಾ ಹಚ್ಚುತ್ತಿರಲಿಲ್ವಾ? ಮೊಣಕಾಲು ಇಲ್ಲದಿದ್ದರೆ ಕೈ ಇಲ್ವಾ?” ಅಂದರು.

ನೀನು ಬರಬೇಡ. ನಿನ್ನನ್ನು ದೂರ ಇಡಲು ಹೀಗೆ ಹೇಳುತ್ತಿಲ್ಲ.

ಅಮ್ಮ

*

ಮೈಸೂರು
1 ಸೆಪ್ಟೆಂಬರ್ 2025

ಅಮ್ಮ,

ಇವತ್ತು ನೀನು ಸಂಪಾಜೆ ಘಾಟಿ ಇಳಿಯುತ್ತಿರುವ ಹೊತ್ತಿಗೆ ನಾನು ಲ್ಯಾಬಿನಲ್ಲಿದ್ದೆ. ಬ್ಯುರೆಟ್‌ನ ಸ್ಟ್ಯಾಂಡನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೆ. ರೀಡಿಂಗ್ ತಪ್ಪಾಗಿದೆ, ಆದರೆ ಬರೆದು ಕೊಟ್ಟೆ.

ಒಂದು ಮಾತು ಕೇಳುತ್ತೇನೆ. ರಿಪೋರ್ಟ್ ಏನೇ ಬರಲಿ, ಭಾನುವಾರ ಫೋನಿನಲ್ಲಿ ಹೇಳಬೇಡ. ಬರೆದು ಹೇಳು. ನಿನ್ನ ದನಿ ನನಗಾಗಿ ಚೆನ್ನಾಗಿ ನಟಿಸುತ್ತದೆ, ನಾನು ಅದನ್ನು ನಂಬಿ ಎರಡು ವಾರ ಕಳೆದೆ. ನಿನ್ನ ಅಕ್ಷರಕ್ಕೆ ನಟನೆ ಬರುವುದಿಲ್ಲ. ಕಾಯುವುದು ನನ್ನ ಕೆಲಸ, ನಾನು ಮಾಡುತ್ತೇನೆ.

ಮೋನಿ

*

ಚೇರಂಬಾಣೆ
6 ಸೆಪ್ಟೆಂಬರ್ 2025

ಮೋನಿ,

ಸ್ಕ್ಯಾನ್ ಆಯಿತು. ಗರ್ಭಕೋಶದ ಒಳಪದರ ದಪ್ಪವಾಗಿದೆ, ಒಂದು ಸಣ್ಣ ಗಂಟೂ ಇದೆ. ಮರುದಿನ ಮತ್ತು ಬರಿಸಿ ಗಂಟು ತೆಗೆದು, ಒಳಗೆ ಕೆರೆದು ಪರೀಕ್ಷೆಗೆ ಕಳಿಸಿದರು. ಹೊಟ್ಟೆಯ ಕೆಳಗೆ ನೋವಿದೆ. ರಿಪೋರ್ಟ್ ಬರಲು ಹತ್ತು ಹನ್ನೆರಡು ದಿನ. ಅಲ್ಲಿಯವರೆಗೆ ಆ ಮಾತ್ರೆ ಬೇಡ ಅಂದರು.

ಡಾಕ್ಟರಮ್ಮ “ಇಷ್ಟು ದಿನ ಯಾಕೆ ಬರಲಿಲ್ಲ?” ಅಂತ ಕೇಳಿದರು. ಸೊಪ್ಪಿನ ಕಥೆ ಹೇಳಿದೆ, ನಗುತ್ತಾರೆ ಅಂದುಕೊಂಡು. ನಗಲಿಲ್ಲ. ಅದರ ಹೆಸರು ಕೇಳಿ ಬರೆದುಕೊಂಡು, ಕೊಡಗಿನಿಂದ ಬರುವವರ ಹತ್ತಿರ ಇನ್ನು ಮೇಲೆ ಕೇಳಿ ನೋಡುತ್ತೇನೆ ಅಂದರು.

ಕೈಲ್ ಮುಹೂರ್ತದ ದಿನ ನಾನು ಆಸ್ಪತ್ರೆಯ ಮಂಚದ ಮೇಲಿದ್ದೆ. ಮನೆಯಲ್ಲಿ ಅಜ್ಜಿಯೇ ಕೋವಿಗೆ ಹೂ ಇಟ್ಟು ದೀಪ ಹಚ್ಚಿದರಂತೆ. ಕಡಂಬಿಟ್ಟು ಕಲ್ಲಾಗಿತ್ತಂತೆ, ಹತ್ತು ಜನವೂ ಬಾಯಿ ಮುಚ್ಚಿ ತಿಂದರಂತೆ. ನಾನಿಲ್ಲದೆಯೂ ಮನೆ ನಡೆಯಿತು. ಸಮಾಧಾನವೂ ಆಯಿತು, ಒಂದು ಥರ ಬೇಸರವೂ ಆಯಿತು.

ಅಮ್ಮ

*

ಚೇರಂಬಾಣೆ
19 ಸೆಪ್ಟೆಂಬರ್ 2025

ಮೋನಿ,

ಮೊದಲ ಸಾಲಿನಲ್ಲೇ ಬರೆಯುತ್ತೇನೆ: ಕ್ಯಾನ್ಸರ್ ಅಲ್ಲ.

ಒಳಪದರ ಆ ಮಾತ್ರೆಗೆ ಹಾಗೆ ಬೆಳೆದಿದೆ. ಬಿಟ್ಟಿದ್ದರೆ ಮುಂದೆ ಏನಾಗುತ್ತಿತ್ತೋ ಹೇಳಲಾಗುವುದಿಲ್ಲ ಅಂದರು. ಆರು ತಿಂಗಳಿಗೆ ಮತ್ತೆ ನೋಡುತ್ತಾರೆ. ಟ್ಯಾಮೋಕ್ಸಿಫೆನ್ ಪೂರ್ತಿ ಬಂದ್. ಬದಲಿಗೆ ಲೆಟ್ರೋಜೋಲ್ ಅಂತ ಇನ್ನೊಂದು. ಇದು ಗರ್ಭಕೋಶದ ಗೊಡವೆಗೆ ಹೋಗುವುದಿಲ್ಲ, ಮೂಳೆ ಮತ್ತು ಕೀಲುಗಳನ್ನು ಹಿಡಿಯುತ್ತದೆ ಅಂತ ಡಾಕ್ಟರಮ್ಮ ಮೊದಲೇ ಹೇಳಿದರು. ಅಪ್ಪ ವಾಪಸ್ ಬರುವಾಗ ಘಾಟಿಯಲ್ಲಿ ಜೀಪು ನಿಲ್ಲಿಸಿ ಕಾಫಿ ಕೊಡಿಸಿದರು. ಲೋಟ ಹಿಡಿದ ಅವರ ಕೈ ನಡುಗುತ್ತಿತ್ತು. ನಡುಕ ನಿನಗೆ ಯಾರಿಂದ ಬಂತು ಅಂತ ಅವತ್ತು ತಿಳಿಯಿತು.

ನಾನು ಅಳಲಿಲ್ಲ. ಖುಷಿಯೂ ಆಗಲಿಲ್ಲ. ಸುಸ್ತಾಗಿದೆ ಅಷ್ಟೆ. ಎಲ್ಲರೂ ನಾನು ಖುಷಿಪಡಬೇಕು ಅಂತ ಮುಖ ನೋಡುತ್ತಿದ್ದಾರೆ.

ಅಮ್ಮ

*

ಮೈಸೂರು
23 ಸೆಪ್ಟೆಂಬರ್ 2025

ಅಮ್ಮ,

ನಿನ್ನ ಮೊದಲ ಸಾಲು ಓದಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಉಳಿದದ್ದನ್ನು ಹರ್ಷಿತಾ ಓದಿ ಹೇಳಬೇಕಾಯಿತು. “ನಿಮ್ಮಮ್ಮ ಚೆನ್ನಾಗ್ ಬರೀತಾರೆ ಕಣೇ, ಆದ್ರೆ ಒಳ್ಳೇ ಸುದ್ದೀನೂ ಬೈದ ಹಂಗೇ ಹೇಳ್ತಾರೆ” ಅಂದಳು.

ಖುಷಿಪಡಬೇಡ. ನಾನು ಇಲ್ಲಿ ಇಬ್ಬರದ್ದೂ ಸೇರಿಸಿ ಪಡುತ್ತೇನೆ. ನೀನು ಸುಸ್ತಾಗಿರು.

ಮೋನಿ

*

ಚೇರಂಬಾಣೆ
9 ನವೆಂಬರ್ 2025

ಮೋನಿ,

ಹೊಸ ಮಾತ್ರೆ ಶುರುವಾಗಿ ಒಂದೂವರೆ ತಿಂಗಳು. ಇದರಲ್ಲಿ ತಮಾಷೆ ಮಾಡುವಂಥದ್ದು ನನಗೆ ಏನೂ ಸಿಗಲಿಲ್ಲ, ಅದಕ್ಕೇ ಇಷ್ಟು ದಿನ ಬರೆಯಲಿಲ್ಲ.

ಬೆಳಿಗ್ಗೆ ಬೆರಳು ಮಡಚಲು ಬರುವುದಿಲ್ಲ. ಬಿಸಿನೀರಿನಲ್ಲಿ ಅದ್ದಿಟ್ಟು, ಒಂದೊಂದಾಗಿ ಬಿಡಿಸಿಕೊಂಡ ಮೇಲೆ ಜಡೆ. ಜಡೆಯೂ ಈಗ ಅಜ್ಜಿ ಹಾಕುತ್ತಾರೆ. ಆಫೀಸಿನಲ್ಲಿ ಸೀಲು ಒತ್ತುವಾಗ ಮಣಿಕಟ್ಟಿನಿಂದ ಮೊಣಕೈವರೆಗೆ ಹೊಡೆಯುತ್ತದೆ. ದೇರಪ್ಪಜ್ಜ ನೋಡಿ ಸೀಲನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಫಾರಮ್ಮಿಗೆ ತಾವೇ ಒತ್ತಿಕೊಂಡರು. ಅದು ರೂಲಿಗೆ ವಿರುದ್ಧ. ನಾನು ಆ ಫಾರಮ್ಮನ್ನು ಹಾಗೇ ಫೈಲಿಗೆ ಸೇರಿಸಿದೆ.

ಇವತ್ತು ಭಾನುವಾರ. ತಿಂಡಿಯಾದ ಮೇಲೆ ಮಾತ್ರೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಹಿಂದಿನ ಜಗಲಿಯಲ್ಲಿ ಕೂತೆ. ನುಂಗಲಿಲ್ಲ. ಇಷ್ಟು ನೋವು ತಿಂದು ಬದುಕುವುದು ಯಾರಿಗೋಸ್ಕರ ಅನಿಸಿತು. ನಿನಗೋಸ್ಕರ ಅನ್ನುವ ಉತ್ತರವೂ ಬಂತು, ಅದಕ್ಕೂ ಸಿಟ್ಟು ಬಂತು. ಅಂಗಳದಲ್ಲಿ ಅಪ್ಪ ಕಣ ಸಾರಿಸುವವರಿಗೆ ಏನೋ ಹೇಳುತ್ತಿದ್ದರು. ಕರೆಯಬಹುದಿತ್ತು. ಕರೆಯಲಿಲ್ಲ. ಬಹಳ ಹೊತ್ತಿನ ಮೇಲೆ ನುಂಗಿದೆ. ಯಾಕೆ ನುಂಗಿದೆ ಅಂತಲೂ ಗೊತ್ತಿಲ್ಲ. ನಾಳೆ ಏನು ಮಾಡುತ್ತೇನೋ ಅದೂ ಗೊತ್ತಿಲ್ಲ. ಮುಂದಿನ ವಾರ ಚೆಕಪ್ ಇದೆ, ಡಾಕ್ಟರಮ್ಮನಿಗೆ ಇದನ್ನು ಹೀಗೇ ಹೇಳಬೇಕು ಅಂತ ಮಾಡಿದ್ದೇನೆ.

ಅಪ್ಪನಿಗೂ ಅಜ್ಜಿಗೂ ಹೇಳಿಲ್ಲ. ನಿನಗೆ ಬರೆಯುತ್ತಿದ್ದೇನೆ. ಮೊದಲು ಯಾರಿಗಾದರೂ ಹೇಳಬೇಕಿತ್ತು.

ಧೈರ್ಯ ಹೇಳಬೇಡ, ಅದು ಇಲ್ಲಿ ಬೇಕಾದಷ್ಟಿದೆ. ಗೂಗಲ್ ನೋಡಿ ಬರೆಯಬೇಡ. ಬರಲೂ ಬೇಡ. ಓದಿದೆ ಅಂತ ಬರಿ, ಸಾಕು.

ಅಮ್ಮ

*

ಮೈಸೂರು
12 ನವೆಂಬರ್ 2025

ಅಮ್ಮ,

ಓದಿದೆ.

ಮೋನಿ